ನೀರು ಬಗ್ಗಿಸದವಳು

ಲತಾಮಣಿ ಯಾರ ಲೋಟಕ್ಕೂ ನೀರು ಬಗ್ಗಿಸುವುದಿಲ್ಲ. ನೆಂಟರು ಬಂದರೂ ಅಷ್ಟೆ, ಬಿಸಿಲಿನಲ್ಲಿ ನಡೆದು ಬಂದ ಮೀಟರ್ ಓದುವವನು ಬಂದರೂ ಅಷ್ಟೆ. ಚೊಂಬು ತಂದು ಜಗಲಿಯ ಮೇಲೆ ಕುಕ್ಕುತ್ತಾಳೆ, ಪಕ್ಕಕ್ಕೆ ಲೋಟ ಇಡುತ್ತಾಳೆ, ಹಿಂದೆ ಸರಿದು ಕಂಬಕ್ಕೆ ಒರಗಿ ನಿಲ್ಲುತ್ತಾಳೆ. ಬಂದವರು ತಾವೇ ಬಗ್ಗಿಸಿಕೊಂಡು ಕುಡಿಯಬೇಕು. ಅವರು ಕುಡಿಯುವಷ್ಟು ಹೊತ್ತೂ ಅವರ ಗಂಟಲನ್ನೇ ನೋಡುತ್ತಿರುತ್ತಾಳೆ, ಗುಟುಕು ಇಳಿಯಿತೋ ಇಲ್ಲವೋ ಎಂದು. ನೋಡಿಸಿಕೊಳ್ಳುವವರಿಗೆ ನೀರು ನೆತ್ತಿಗೇರುತ್ತದೆ. ನಮ್ಮ ಕೋಡಿಹಳ್ಳಿ ಕಡೆ ಹೊಸಿಲು ತುಳಿದವರಿಗೆ ಮೊದಲು ನೀರು, ಆಮೇಲೆ ಮಾತು. ನನ್ನ ಸೋದರತ್ತೆ ಒಬ್ಬರು ಒಂದು ಸಲ ಚೊಂಬನ್ನು ಹಾಗೇ ಬಿಟ್ಟು ಎದ್ದರು. "ನಿನ್ ನಾದ್ನಿ ಒಂದ್ ಲೋಟ ನೀರು ಬಗ್ಗ್‌ಸ್‌ಕೊಟ್ರೆ ಅವಳ ಕೈ ಸವ್ದೋಯ್ತದೇನವ್ವಾ?" ಎಂದು ಕೇಳಿ ಹೋದವರು ಆಮೇಲೆ ಬರಲಿಲ್ಲ.

ನಾನು ಬೈದೆ. ಅವಳು ಕೇಳಿಸಿಕೊಂಡಳು. ಮಾರನೇ ದಿನ ಇನ್ನೊಬ್ಬರು ಬಂದರು, ಚೊಂಬು ಅದೇ ಜಾಗದಲ್ಲಿ ಕೂತಿತು.

ಲತಾಮಣಿ ನಮ್ಮ ಯಜಮಾನರ ಒಬ್ಬಳೇ ತಂಗಿ. ಅವಳ ಗಂಡನ ಮನೆಯ ಕಥೆ ಬೇರೆ, ಅದು ಇಲ್ಲಿ ಬೇಡ. ತಿರುಗಿ ಬಂದವಳು ನಮ್ಮಲ್ಲೇ ಉಳಿದಳು, ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಎತ್ತರದ ಆಳು. ನಡೆಯುವಾಗ ಒಂದು ಕಿವಿ ಮುಂದೆ ಮಾಡಿ, ಯಾರೋ ಕರೆದಂತೆ, ಕತ್ತು ಓರೆ ಮಾಡಿಕೊಂಡು ನಡೆಯುತ್ತಾಳೆ. ವೇಲನ್ನು ಹೆಗಲಿಗೆ ಹಾಕಿದ್ದನ್ನು ನಾನು ನೋಡಿಲ್ಲ, ಸೊಂಟಕ್ಕೆ ಬಿಗಿದಿರುತ್ತಾಳೆ. ಯಾರು ಏನೇ ಹೇಳಿದರೂ ಅವಳ ಬಾಯಿಂದ ಬರುವುದು ಒಂದೇ ಮಾತು, "ಆಮೇಲೆ?" ಮೊಳಕಾಲು ನೋವು ಎಂದರೆ "ಆಮೇಲೆ?", ಹಸು ಈದಿತು ಎಂದರೆ "ಆಮೇಲೆ?", ಸುಮ್ಮನಿರೇ ಎಂದರೆ ಅದಕ್ಕೂ "ಆಮೇಲೆ?" ಅದು ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ತರಬೇತಿಯಲ್ಲಿ ಕಲಿಸಿದ್ದು. ರೋಗಿಯನ್ನು ಕೇಳುತ್ತಾ ಹೋಗಬೇಕಂತೆ, ಅವನು ತಾನಾಗಿ ನಿಲ್ಲಿಸುವ ತನಕ. ನಮ್ಮನ್ನೆಲ್ಲ ಅವಳು ರೋಗಿಗಳೆಂದೇ ತಿಳಿದಳು.

ತರಬೇತಿ ಎಂದರೆ ಆಂಬುಲೆನ್ಸಿನಲ್ಲಿ ರೋಗಿಯ ಪಕ್ಕ ಕೂತು ಬರುತ್ತಾರಲ್ಲ, ಆ ಕೆಲಸದ್ದು. ಇ.ಎಂ.ಟಿ. ಅನ್ನುತ್ತಾರೆ. ಅದಕ್ಕೆ ಸರ್ಟಿಫಿಕೇಟ್ ಬೇಕು. ಅದನ್ನು ತಗೊಳ್ಳಲು ಅವಳು ಯಾಕೆ ಹೊರಟಳು ಎಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನಮ್ಮದು ರೇಷ್ಮೆ ಬೇಸಾಯ. ಅವತ್ತು ಭಾನುವಾರ, ಅವಳಿಗೆ ಫ್ಯಾಕ್ಟರಿ ರಜ. ಹುಳು ಕೊನೇ ಜ್ವರ, ಅಂದರೆ ಕೊನೇ ಸಲ ಪೊರೆ ಬಿಡುವುದು, ಮುಗಿಸಿ ಎದ್ದು ಸೊಪ್ಪು ಮುಕ್ಕುತ್ತಿದ್ದವು. ಆ ಹೊತ್ತಿನಲ್ಲಿ ಹುಳುಮನೆಯೊಳಗೆ ಮಳೆ ಬಿದ್ದ ಹಾಗೆ ಸದ್ದು, ಹೊರಗಿನದು ಒಂದೂ ಕೇಳುವುದಿಲ್ಲ. ನಾನು ಒಳಗಿದ್ದೆ. ಯಜಮಾನರು ಗಾಡಿಯಿಂದ ಸೊಪ್ಪಿನ ಹೊರೆ ಇಳಿಸಿ ಜಗಲಿಯ ಮೇಲೆ ಕೂತರು, ಕೂತವರು ಹಾಗೇ ವಾಲಿದರು. ಲತಾಮಣಿ ನೋಡಿದಳು. ಯಾರಾದರೂ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದಳು. ಓಡಿ ಚೊಂಬು ತಂದು, ಅಣ್ಣನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಾಯಿಗೆ ನೀರು ಬಿಟ್ಟಳು. ಒಂದಿಷ್ಟು ಒಳಗೆ ಹೋಯಿತು, ಒಂದಿಷ್ಟು ಕಟಬಾಯಲ್ಲಿ ಇಳಿಯಿತು, ಗಂಟಲಲ್ಲಿ ಗೊರ ಅಂತ ಒಂದು ಸದ್ದಾಯಿತು. ನಾನು ಬರುವ ಹೊತ್ತಿಗೆ ಅದೂ ನಿಂತಿತ್ತು. ಕನಕಪುರದ ಡಾಕ್ಟರು ಹೃದಯಾಘಾತ, ಬಿದ್ದಾಗಲೇ ಮುಗಿದಿತ್ತು ಎಂದರು.

ಅಲ್ಲಿಗೆ ಅಳುವುದು ಅತ್ತು, ಮಾಡುವುದು ಮಾಡಿ, ನಾವಿಬ್ಬರೂ ಒಂದು ಮನೆಯಲ್ಲಿ ಇದ್ದೆವು. ಆಮೇಲೆ ಅವಳ ಫ್ಯಾಕ್ಟರಿಗೆ ಮನೋಹರ್ ಅಂತ ಒಬ್ಬ ಮೇಷ್ಟ್ರು ಬಂದರು. ಹಿಂದೆ ಆಂಬುಲೆನ್ಸಿನಲ್ಲಿ ಕೆಲಸ ಮಾಡಿದವರು, ಈಗ ರಾಮನಗರದಲ್ಲಿ ಹುಡುಗ ಹುಡುಗಿಯರಿಗೆ ಕಲಿಸುವವರು. ಊಟದ ಬಿಡುವಿನಲ್ಲಿ ಎಲ್ಲರನ್ನೂ ಕೂರಿಸಿ, ಯಾರಾದರೂ ಬಿದ್ದರೆ ಏನು ಮಾಡಬೇಕು, ಏನು ಮಾಡಬಾರದು ಎಂದು ಹೇಳಿದರಂತೆ. ಮಾಡಬಾರದ್ದರಲ್ಲಿ ಮೊದಲನೆಯದು, ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಬಿಡಬಾರದು. ಶ್ವಾಸಕ್ಕೆ ಹೋಗುತ್ತದೆ.

ಸಂಜೆ ಬಂದಳು. ಊಟಕ್ಕೆ ಕೂತಾಗ ನನ್ನ ಲೋಟ ಖಾಲಿ ಇತ್ತು. ನೋಡಿದಳು, ಬಗ್ಗಿಸಲಿಲ್ಲ. ಅವತ್ತಿನಿಂದ ಶುರು.

ಒಬ್ಬಳೇ ಹೋಗಿ ಆ ಡಾಕ್ಟರನ್ನು ಮತ್ತೆ ಕೇಳಿ ಬಂದಳು. ಅವರು ನೀರಿನಿಂದ ಆದದ್ದಲ್ಲಮ್ಮ ಎಂದರು. ಸಾಲದೆ ಇನ್ನೊಂದು ಸಲ ಹೋಗಿ ಕೇಳಿದಳು. ನಾನು ನನಗೆ ತಿಳಿದ ಸಮಾಧಾನ ಹೇಳಿದೆ. ನಮ್ಮಲ್ಲಿ ಹೋಗುವವರ ಬಾಯಿಗೆ ಕೊನೆಗೆ ಒಂದು ಗುಟುಕು ಬೀಳಬೇಕು, ಅದು ತನ್ನವರ ಕೈಯಿಂದ ಬಿದ್ದರೆ ಪುಣ್ಯ, ನಿಮ್ಮಣ್ಣನಿಗೆ ಬಿತ್ತು, ನನಗೆ ಅಷ್ಟೇ ನೆಮ್ಮದಿ ಎಂದೆ. ನಿಜವಾಗಿ ನನಗೆ ಉಳಿದಿದ್ದ ನೆಮ್ಮದಿ ಅದೊಂದೇ. ಅವಳು ತಟ್ಟೆ ಸರಿಸಿ ಎದ್ದು ಹೋದಳು. ನನ್ನನ್ನು ನಿಲ್ಲಿಸಿದ ಮಾತೇ ಅವಳನ್ನು ಕೊರೆಯುತ್ತದೆ ಎಂದರೆ ಒಂದು ಮನೆಯಲ್ಲಿ ಹೇಗೆ ಬಾಳುವುದು?

ಫ್ಯಾಕ್ಟರಿ ಬಿಟ್ಟಳು. ಪಿ.ಯು.ಸಿ. ಸೈನ್ಸ್ ಪಾಸಾಗಿದ್ದಳು, ಅದು ಸಾಕಂತೆ. ಕೋಡಿಹಳ್ಳಿಯಿಂದ ಕನಕಪುರ, ಕನಕಪುರದಿಂದ ರಾಮನಗರ, ಬಸ್ಸು ಬದಲಿಸಿಕೊಂಡು ಹೋಗಿ ಬರತೊಡಗಿದಳು. ಹುಳುಮನೆ ನನ್ನೊಬ್ಬಳ ಪಾಲಾಯಿತು. ಸೊಪ್ಪು ಕೊಯ್ಯುವುದು, ಹೊರುವುದು, ಹಾಕುವುದು, ಕಸ ತೆಗೆಯುವುದು. ಸಾಯಂಕಾಲ ಸೊಂಟ ಹಿಡಿದುಕೊಂಡು ಕೂತರೆ ಅವಳು ಬಂದು, ಒಂದು ಕೈ ಹಚ್ಚುವುದು ಬಿಟ್ಟು, ನನ್ನ ಮಣಿಕಟ್ಟು ಹಿಡಿದು ಗೋಡೆ ಗಡಿಯಾರ ನೋಡುತ್ತಾ ನಿಲ್ಲುವಳು. "ಅತ್ಗೆ, ಒಸಿ ಜಾಸ್ತಿ ಐತೆ." ಜಾಸ್ತಿ ಇರದೆ ಏನು? ಬಂದ ಸಿಟ್ಟಿಗೆ ಅದು ಇನ್ನೂ ಏರುತ್ತಿತ್ತು.

ಮನೆಯಲ್ಲಿ ಅವಳ ಅಭ್ಯಾಸಕ್ಕೆ ಸಿಕ್ಕದ ವಸ್ತುವಿಲ್ಲ. ರಾಗಿ ಚೀಲವನ್ನು ನಡುಮನೆಯಲ್ಲಿ ಮಲಗಿಸಿ, ಮಂಡಿಯೂರಿ, ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ಗಟ್ಟಿಯಾಗಿ ಎಣಿಸುತ್ತಾ ಒತ್ತುತ್ತಿದ್ದಳು. ಪಕ್ಕದ ಮನೆಯವರು ನನ್ನನ್ನು ಹೊಡೆಯುತ್ತಿದ್ದಾಳೆ ಎಂದುಕೊಂಡು ಓಡಿ ಬಂದರು. ಕೊನೆಗೆ ಚೀಲದ ಹೊಲಿಗೆ ಬಿಚ್ಚಿ ಅರ್ಧ ರಾಗಿ ನೆಲದ ಪಾಲು. ಹಿಪ್ಪುನೇರಳೆ ಕಡ್ಡಿ ಇಟ್ಟು ನನ್ನ ಕಾಲಿಗೆ ಕಟ್ಟು ಕಟ್ಟುವಳು, ಕಟ್ಟಿ ಪುಸ್ತಕ ನೋಡಲು ಒಳಗೆ ಹೋದರೆ ಬಿಚ್ಚುವುದು ಮರೆಯುವಳು. ಪೆಟ್ಟಿಗೆಯ ತಳದಲ್ಲಿದ್ದ ನನ್ನ ಗಿಳಿಹಸಿರು ಸೀರೆಯನ್ನು ತಂದು ಮುಂದೆ ಹಿಡಿದಳು.

"ಅತ್ಗೆ, ಇದನ್ನ ಉಡ್ತೀರಾ?"

"ಇಲ್ಲ."

"ಆಮೇಲೆ?"

"ಆಮೇಲೂ ಇಲ್ಲ ಕಣೇ."

ಪರ ಪರ ಹರಿದು ತ್ರಿಕೋನದ ಬಟ್ಟೆ ಮಾಡಿಕೊಂಡಳು. ಕೈ ಮುರಿದವರಿಗೆ ಕತ್ತಿನಿಂದ ಇಳಿಬಿಡುವ ಜೋಳಿಗೆಯಂತೆ. ಅದು ಯಾರು ತಂದುಕೊಟ್ಟ ಸೀರೆ ಎಂದು ಅವಳಿಗೂ ಗೊತ್ತಿತ್ತು. ಹರಿಯುವಾಗ ನನ್ನ ಮುಖ ನೋಡಲಿಲ್ಲ.

ಇದೆಲ್ಲ ತಡೆದುಕೊಂಡೆ. ಒಂದು ಸಾಯಂಕಾಲ ಬಂದು, "ಅತ್ಗೆ, ಒಸಿ ಬಿದ್ಕಳಿ" ಎಂದಳು.

"ಎಲ್ಲಿ?"

"ಇಲ್ಲೇ, ಜಗ್ಲಿ ಮೇಲೆ."

ಯಾವ ಜಗಲಿ ಎಂದು ಅವಳಿಗೆ ನೆನಪಿರಲಿಲ್ಲವೋ, ನೆನಪಿದ್ದೇ ಕೇಳಿದಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ಬಿದ್ದುಕೊಂಡೆ. ಎರಡೂ ಹೆಗಲು ತಟ್ಟಿ ಕೂಗಿದಳು, "ಅಣ್ಣಾ! ಅಣ್ಣಾ, ಕೇಳುಸ್ತೈತಾ?"

"ನಾನು ನಿಮ್ಮಣ್ಣ ಅಲ್ಲ ಕಣೇ, ಅತ್ಗೆ."

"ಪ್ರಜ್ಞೆ ಇಲ್ದೋರು ಮಾತಾಡಂಗಿಲ್ಲ. ಸುಮ್ಕೆ ಬಿದ್ಕಂಡಿರಿ."

ತರಗತಿಯಲ್ಲೂ ಹಾಗೇ ಅಂತೆ. ಪ್ಲಾಸ್ಟಿಕ್ ಗೊಂಬೆಯನ್ನು ಅಣ್ಣಾ ಎನ್ನುತ್ತಾಳೆ, ಹೆರಿಗೆ ಕಲಿಸುವ ಗೊಂಬೆಯನ್ನೂ ಅಣ್ಣಾ ಎಂದು ನಗೆಪಾಟಲಾದಳಂತೆ. ಅದನ್ನು ಹೇಳಿದವಳು ನಾಹಿದಾ. ಚನ್ನಪಟ್ಟಣದ ಹುಡುಗಿ, ಅವರ ತಂದೆ ಮರದ ಬೊಂಬೆ ಕಡೆಯುವವರು. ಇವಳ ಪಕ್ಕದಲ್ಲಿ ಕೂತು ಕಲಿಯುವವಳು, ಆಗಾಗ ಇವಳ ಜೊತೆ ನಮ್ಮ ಮನೆಗೂ ಬರುವಳು. ಬಂದರೆ ತಾನೇ ನೀರು ಬಗ್ಗಿಸಿಕೊಂಡು ನನಗೂ ಒಂದು ಲೋಟ ಕೊಡುವಳು. ಹೊರಗಿಂದ ಬಂದವಳು ಮನೆಯವಳಿಗೆ ನೀರು ಕೊಡುವ ಮನೆಯಾಯಿತು ನಮ್ಮದು.

ಪರೀಕ್ಷೆ ಬಂತು. ಬರೆಯುವುದರಲ್ಲಿ ಲತಾಮಣಿಗೆ ಒಳ್ಳೆಯ ಅಂಕ. ಮಾಡಿ ತೋರಿಸುವುದು ಬೇರೆ ದಿನ. ಸಾಯಂಕಾಲ ಇಬ್ಬರೂ ಬಂದರು. ಇವಳು ನೇರ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾಹಿದಾ ಜಗಲಿಯ ಮೇಲೆ ಕೂತು, ನಗುವುದೋ ಅಳುವುದೋ ತಿಳಿಯದೆ ಸ್ವಲ್ಪ ಹೊತ್ತು ಮುಖ ಮುಚ್ಚಿಕೊಂಡಳು.

"ಅಕ್ಕಾ, ನಿಮ್ ಲತಾ ಪರೀಕ್ಷೆ ಸಾರ್‌ಗೇ ಬಾರ್ಸಿಬುಟ್ಲು."

ಗೊಂಬೆ ನೆಲದ ಮೇಲೆ. ಪ್ರಜ್ಞೆ ಇಲ್ಲದ ರೋಗಿ ಅಂತ ಲೆಕ್ಕ. ಬೆಂಗಳೂರಿನಿಂದ ಬಂದ ಪರೀಕ್ಷಕರು ರೋಗಿಯ ಮಗನ ಪಾತ್ರ ಹಾಕಿದರು. ಸಂಬಂಧಿಕರನ್ನು ಹೇಗೆ ಸಂಭಾಳಿಸುತ್ತಾರೆ ಎಂದು ನೋಡುವುದೂ ಪರೀಕ್ಷೆಯ ಭಾಗವೇ. ಲತಾಮಣಿ ಎಲ್ಲವನ್ನೂ ಸರಿಯಾಗಿ ಮಾಡುತ್ತಾ ಬಂದಳು. ಆಗ ಅವರು ನೀರಿನ ಬಾಟಲಿ ತೆರೆದು, "ಅಯ್ಯೋ ನಮ್ಮಪ್ಪನ ಬಾಯಿ ಒಣಗಿದೆ, ಒಂದು ಗುಟುಕು ಕೊಡ್ತೀನಿ" ಎಂದು ಬಗ್ಗಿದರು. ಇವಳು ಬಾಟಲಿಗೆ ಬೀಸಿ ಹೊಡೆದಳು. ಬಾಟಲಿ ಗೋಡೆಗೆ, ನೀರು ಅವರ ಅಂಗಿಗೆ. "ಸಾಯಿಸ್ತೀಯೇನ್ಲಾ!" ಎಂದು ಕೂಗಿದ್ದು ಹೊರಗೆ ಸಾಲಿನಲ್ಲಿ ನಿಂತವರಿಗೆಲ್ಲ ಕೇಳಿಸಿತಂತೆ.

ಫೇಲು.

ಮನೋಹರ್ ಮೇಷ್ಟ್ರು ಓಡಾಡಿ, ಕೈಮುಗಿದು, ಇನ್ನೊಂದು ಅವಕಾಶ ಕೊಡಿಸಿದರು. ಅದೂ ಹೋದರೆ ಮತ್ತೆ ಮೊದಲಿನಿಂದ ಇಡೀ ತರಬೇತಿ. ಅದು ನನ್ನಿಂದ ಆಗುವುದಿಲ್ಲ ಎಂದು ನಾನು ಖಂಡಿತವಾಗಿ ಹೇಳಿದೆ. "ಈ ಸಲ ಆಗ್ಲಿಲ್ಲ ಅಂದ್ರೆ ಹಾರೋಹಳ್ಳಿ ಬಸ್ಸು ಹತ್ತು. ನನ್ ಸೊಂಟಕ್ಕೂ ಒಂದು ಮಿತಿ ಐತೆ." ಅವಳು ಅದಕ್ಕೆ ಆಮೇಲೆ ಎನ್ನಲಿಲ್ಲ. ಅಷ್ಟರಮಟ್ಟಿಗೆ ಹೆದರಿದ್ದಳು.

ಮೇಷ್ಟ್ರು ಅವಳಿಗೆ ಹೇಳಿದ ಮಾತು ಇದು. "ನಿನಗೆ ಪಾಠ ಬಂದಿದೆಯಮ್ಮ. ಆದರೆ ನೀರು ಹಿಡ್ಕೊಂಡು ಓಡಿ ಬರೋರನ್ನ ಕಂಡ್ರೆ ನಿನಗೆ ಆಗಲ್ಲ. ನಾಳೆ ನೀನು ಹೋಗೋ ಪ್ರತಿಯೊಂದು ಮನೇಲೂ ಅವರು ಇರ್ತಾರೆ. ಎಷ್ಟು ಜನಕ್ಕೆ ಹೊಡೀತೀಯ?" ಇದನ್ನು ನನಗೆ ಒಪ್ಪಿಸಿ ಊಟಕ್ಕೆ ಕೂತಳು. ಅವಳು ಹೊಡೆದದ್ದು ಯಾರ ಕೈಗೆ ಎಂದು ನನಗೆ ಗೊತ್ತಿತ್ತು.

ಅದಾದ ಮೇಲೆ ದೊಡ್ಡಹನುಮಯ್ಯನವರ ಮನೆಯಲ್ಲಿ ಗೂಡು ಬಿಡಿಸುವುದಿತ್ತು. ನಮ್ಮೂರಿನಲ್ಲಿ ಒಬ್ಬರ ಮನೆಯ ಬೆಳೆಗೆ ಇನ್ನೊಬ್ಬರು ಮುಯ್ಯಿಗೆ ಹೋಗುತ್ತೇವೆ. ಅಂಗಳದ ತುಂಬ ಚಂದ್ರಿಕೆಗಳನ್ನು, ಅಂದರೆ ಹುಳು ಗೂಡು ಕಟ್ಟುವ ಆ ಬಿದಿರು ತಟ್ಟಿಗಳನ್ನು, ಸಾಲಾಗಿ ನಿಲ್ಲಿಸಿದ್ದರು. ನಾವು ಹೆಂಗಸರು ಬಿಡಿಸುತ್ತಿದ್ದೆವು. ಲತಾಮಣಿಯ ಪರೀಕ್ಷೆಯ ಕಥೆ ಎಲ್ಲರಿಗೂ ಗೊತ್ತಾಗಿತ್ತು, ನಗುತ್ತಿದ್ದರು. "ಲತಾ, ಬಾಯಾರ್ಕೆ ಆಯ್ತದೆ, ಕುಡೀಲಾ, ಇಲ್ಲ ಹೊಡ್ದುಬುಡ್ತೀಯಾ?" ಎಂದು ಒಬ್ಬಳು ಕೇಳಿದಳು. ಇವಳು ತಲೆ ಎತ್ತದೆ ಗೂಡು ಕೀಳುತ್ತಿದ್ದಳು.

ದೊಡ್ಡಹನುಮಯ್ಯನವರು ಗೂಡು ತುಂಬಿದ ಮಂಕರಿ ಎತ್ತಿದವರು ಹಾಗೇ ಬಿದ್ದರು. ಕಣ್ಣು ಮೇಲೆ ಹೋಯಿತು, ಕೈಕಾಲು ಎಳೆಯತೊಡಗಿದವು, ಬಾಯಲ್ಲಿ ನೊರೆ. ಬೆಳ್ಳನೆಯ ಗೂಡೆಲ್ಲ ಅಂಗಳದಲ್ಲಿ ಉರುಳಿದವು. ಒಬ್ಬ ಬೀಗದ ಕೈ ತಂದು ಅವರ ಮುಷ್ಟಿಗೆ ತುರುಕಲು ಹೋದ, ಇನ್ನೊಬ್ಬ ಕಾಲು ಅದುಮಿ ಹಿಡಿದ, ಯಾರೋ ಈರುಳ್ಳಿ ಈರುಳ್ಳಿ ಎಂದು ಕೂಗಿದರು. ಲತಾಮಣಿ ಆಗಲೇ ನೆಲಕ್ಕೆ ಕೂತಿದ್ದಳು. "ಬುಡಿ. ಯಾರೂ ಹಿಡೀಬೇಡಿ. ಆ ಮಂಕ್ರಿ ತೆಗೀರಿ. ಸ್ವಾಮಣ್ಣ, ನೂರೆಂಟಕ್ಕೆ ಫೋನ್ ಮಾಡಿ, ರಸ್ತೆಗೆ ಹೋಗಿ ನಿಂತ್ಕ." ಅವಳ ವೇಲು ಆಗಲೇ ಅವರ ತಲೆಯ ಅಡಿಯಲ್ಲಿತ್ತು. ಎಳೆತ ನಿಂತಿತು. ಅವರನ್ನು ಮಗ್ಗುಲಿಗೆ ಹೊರಳಿಸಿ, ನೊರೆ ಒರೆಸಿ, ಹೆಗಲು ತಟ್ಟಿದಳು. "ಅಣ್ಣಾ! ಅಣ್ಣಾ, ಕೇಳುಸ್ತೈತಾ?" ಕೇಳಿಸಲಿಲ್ಲ.

ಆಗ ಅವರ ಹೆಂಡತಿ ಬೈರಮ್ಮ ಒಳಗಿಂದ ಚೊಂಬು ಹಿಡಿದುಕೊಂಡು ಓಡಿ ಬಂದರು. "ದಾರಿ ಬುಡ್ರೋ! ಒಂದ್ ಗುಟುಕು ನೀರು ಬೀಳ್ಲಿ ಬಾಯಿಗೆ!"

ನಗುತ್ತಿದ್ದವರೆಲ್ಲ ಲತಾಮಣಿಯ ಕೈ ನೋಡುತ್ತಿದ್ದರು. ಆ ಕೈ ಎದ್ದಿತು. ನಾನು ಎದುರಿಗೇ ಇದ್ದೆ. ಚೊಂಬು ಬಗ್ಗುತ್ತಿತ್ತು, ಅವಳ ಕೈ ಗಾಳಿಯಲ್ಲಿತ್ತು, ಅವಳ ಕಣ್ಣು ಬೈರಮ್ಮನ ಕೈಯ ಮೇಲಿತ್ತು. ಮುದುಕಿಯ ಕೈ ಗಡಗಡ ನಡುಗುತ್ತಿತ್ತು, ನೀರು ತುಳುಕಿ ಸೆರಗು ಒದ್ದೆಯಾಗಿತ್ತು. ಲತಾಮಣಿ ಕೈ ಇಳಿಸಿದಳು. ಇಳಿಸಿ, ಬೈರಮ್ಮನ ಎರಡೂ ಕೈಗಳನ್ನು ಹಿಡಿದು ಚೊಂಬಿನ ಸುತ್ತ ಒತ್ತಿದಳು.

"ದೊಡ್ಡವ್ವ, ಇದನ್ನ ಎರಡೂ ಕೈಲಿ ಭದ್ರವಾಗಿ ಹಿಡ್ಕಳಿ. ಒಂದು ತೊಟ್ಟೂ ಚೆಲ್ಲಬಾರ್ದು. ಇದು ಬೇಕಾಯ್ತದೆ. ನಾನು ಕೇಳ್ದಾಗ ಕೊಡಿ."

"ಈಗ ಬ್ಯಾಡ್ವಾ?"

"ಈಗ್ಲೇ ಬ್ಯಾಡ. ಕೇಳ್ತೀನಿ."

ಬೈರಮ್ಮ ಹಿಡಿದುಕೊಂಡರು. ಚೆಲ್ಲದ ಹಾಗೆ ಹಿಡಿಯುವುದರಲ್ಲೇ ಅವರ ಗಮನವೆಲ್ಲ ಹೋಯಿತು. ನಡುಕ ನಿಂತಿತು, ಕೂಗಾಟ ನಿಂತಿತು, ಗಂಡನ ಕಾಲ ಬಳಿ ಕೂತು ಚೊಂಬಿನ ಅಂಚನ್ನೇ ನೋಡುತ್ತಿದ್ದರು. ಇವಳು ತನ್ನ ಪಾಡಿಗೆ ಉಸಿರು ನೋಡುತ್ತಾ, ನಾಡಿ ಹಿಡಿಯುತ್ತಾ ಇದ್ದಳು. ಗಾಡಿ ಬಂತು. ಇಳಿದವರಿಗೆ ಆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ರೋಗಿಯ ಜೊತೆ ಬೈರಮ್ಮನೂ ಹತ್ತಿದರು. ಚೊಂಬು ಕೈಯಲ್ಲೇ ಇತ್ತು.

ಕನಕಪುರದ ತನಕ ಹಾಗೇ ಹಿಡಿದುಕೊಂಡು ಹೋದರಂತೆ. ಆಸ್ಪತ್ರೆಯ ನರ್ಸು ಕೇಳಿದರೆ, "ಕೊಡಲ್ಲ ಕಣವ್ವಾ, ಆ ಹುಡುಗಿ ಕೇಳ್ದಾಗ ಕೊಡು ಅಂದವ್ಳೆ" ಎಂದರಂತೆ.

ಮಾರನೇ ದಿನ ನಾವಿಬ್ಬರೂ ನೋಡಲು ಹೋದೆವು. ದೊಡ್ಡಹನುಮಯ್ಯನವರು ದಿಂಬಿಗೆ ಒರಗಿ ಕೂತಿದ್ದರು. "ಯಾರವ್ವಾ ನಂಗೆ ಅಣ್ಣಾ ಅಂತ ಕೂಗಿದ್ದು? ಮೊಮ್ಮಕ್ಳು ಕಂಡೋನ್ಗೆ ಅಣ್ಣ ಅಂತೀಯಲ್ಲ" ಎಂದರು. ಅಷ್ಟು ಕೇಳಿಸಿತ್ತು ಅವರಿಗೆ. ಚೊಂಬು ಮಂಚದ ಪಕ್ಕದಲ್ಲಿತ್ತು, ಬೈರಮ್ಮ ನೀರು ಬದಲಿಸಿ ತುಂಬಿಟ್ಟಿದ್ದರು. "ಲತಾ, ಡಾಕ್ಟ್ರು ಕುಡೀಬೋದು ಅಂದವ್ರೆ. ನೀನು ಇನ್ನೂ ಕೇಳ್ಲೇ ಇಲ್ವಲ್ಲವ್ವಾ" ಎಂದು ಅದನ್ನೆತ್ತಿ ಅವಳ ಮುಂದೆ ಹಿಡಿದರು.

ಲತಾಮಣಿ ಮೊದಲು ನರ್ಸನ್ನು ಕೇಳಿದಳು. ಆಮೇಲೆ ಮುದುಕರ ಬೆನ್ನಿಗೆ ಇನ್ನೊಂದು ದಿಂಬು ಕೊಟ್ಟು ನೆಟ್ಟಗೆ ಕೂರಿಸಿದಳು. ಹೆಸರು ಕೇಳಿದಳು, ಯಾವ ಊರು ಕೇಳಿದಳು, ಎಂಜಲು ನುಂಗಿ ತೋರಿಸಿ ಎಂದಳು. ಅವರು "ಇದೇನು ಹೆಣ್ಣು ನೋಡೋ ಶಾಸ್ತ್ರವಾ" ಎಂದು ಗೊಣಗಿದರು. ಚೊಂಬು ಇಸಿದುಕೊಂಡು ಲೋಟಕ್ಕೆ ನೀರು ಬಗ್ಗಿಸಿದಳು. ಒಂದಿಷ್ಟು ಚೆಲ್ಲಿ ಚಾದರ ಒದ್ದೆಯಾಯಿತು. ಅವರು ಕುಡಿದರು. ಗಂಟಲು ಏರಿ ಇಳಿಯಿತು, ಏರಿ ಇಳಿಯಿತು. ನಾನು ಕಿಟಕಿಯ ಕಡೆ ತಿರುಗಿ ನಿಂತೆ.

ಎರಡನೇ ಸಲದ ಪರೀಕ್ಷೆಗೆ ಅದೇ ಪರೀಕ್ಷಕರು ಬಂದರಂತೆ, ಬಾಟಲಿಯನ್ನು ಸ್ವಲ್ಪ ದೂರದಿಂದಲೇ ಹಿಡಿದುಕೊಂಡು. ಇವಳು ಅವರ ಎರಡೂ ಕೈಗೆ ಅದನ್ನು ಭದ್ರವಾಗಿ ಹಿಡಿಸಿ, ನಾನು ಕೇಳಿದಾಗ ಕೊಡಿ ಎಂದು ಹೇಳಿ, ಗೊಂಬೆಯ ಕಡೆ ತಿರುಗಿದಳು. ಅಷ್ಟರಲ್ಲೂ ಗೊಂಬೆಯನ್ನು ಅಣ್ಣಾ ಎಂದೇ ಕರೆದಳು. ಎಲ್ಲ ಮುಗಿಯುವ ತನಕ ಅವರು ಬಾಟಲಿ ಹಿಡಿದೇ ನಿಂತಿದ್ದರು, ಅಂಕ ಹಾಕಲು ಕೈ ಬೇಕಾದಾಗ "ಈಗಲಾದರೂ ಕೆಳಗಿಡಬಹುದೇನಮ್ಮ?" ಎಂದು ಕೇಳಿದರು. ನಾಹಿದಾ ಇದನ್ನು ಅಭಿನಯಿಸಿ ತೋರಿಸಿದಾಗ, ಯಜಮಾನರು ಹೋದ ಮೇಲೆ ಮೊದಲ ಸಲ ನಾನು ಗಟ್ಟಿಯಾಗಿ ನಕ್ಕೆ. ನಕ್ಕು ಮುಗಿಸುವಷ್ಟರಲ್ಲಿ ಲತಾಮಣಿ ನನ್ನ ನಾಡಿ ಹಿಡಿದಿದ್ದಳು.

ಈಗ ಕೆಂಗಲ್ ಕಡೆಯ ಹೆದ್ದಾರಿಯ ಆಂಬುಲೆನ್ಸಿನಲ್ಲಿ ಅವಳಿಗೆ ಕೆಲಸ. ನೀಲಿ ಅಂಗಿ, ಮೈತುಂಬ ಜೇಬು. ಆ ಜೇಬುಗಳಲ್ಲಿ ಕತ್ತರಿ, ಟಾರ್ಚು, ಕೈಗವಸು, ನನ್ನ ಗಿಳಿಹಸಿರು ಸೀರೆಯ ಒಂದು ತುಂಡು. ಒಗೆಯಲು ಹಾಕುವಾಗ ಒಂದನ್ನೂ ತೆಗೆಯುವುದಿಲ್ಲ, ಕಲ್ಲಿಗೆ ಕತ್ತರಿ ಬಡಿದು ನನ್ನ ಬೆರಳು ಕೊಯ್ದಿತು. ಕೊಯ್ದದ್ದಕ್ಕೆ ಪಟ್ಟಿ ಕಟ್ಟಿದವಳು ಅವಳೇ. ಸುಧಾರಿಸಿದ್ದಾಳೆ ಎಂದು ಯಾರಾದರೂ ತಿಳಿದುಕೊಂಡರೆ, ಇಲ್ಲ. ಮನೆಗೆ ಬಂದವರ ಲೋಟಕ್ಕೆ ಇವತ್ತೂ ನೀರು ಬಗ್ಗಿಸುವುದಿಲ್ಲ. ಆಸ್ಪತ್ರೆಯಲ್ಲಿ ಬಗ್ಗಿಸಿದೆಯಲ್ಲ, ಇಲ್ಲಿ ಏನು ರೋಗ ಎಂದು ಕೇಳಿದರೆ, "ಅಲ್ಲಿ ಕೇಳಿ ಕೊಟ್ಟೆ ಅತ್ಗೆ" ಎನ್ನುತ್ತಾಳೆ. ಇನ್ನು ನೆಂಟರಿಗೆಲ್ಲ ಎಂಜಲು ನುಂಗಿ ತೋರಿಸಿ ಎಂದು ನಾನು ಹೇಳಲೇ?

ಇಂಥವರನ್ನು ನಾನು ಈಗ ದೂರದಿಂದಲೇ ಗುರುತಿಸುತ್ತೇನೆ. ಆಸ್ಪತ್ರೆಯ ಬಾಗಿಲಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಸಾವಿನ ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ. ತಮ್ಮವರಿಗೆ ಪ್ರೀತಿಯಿಂದ ಮಾಡಿದ್ದನ್ನು ತಪ್ಪು ಎಂದು ಯಾರೋ ಹೇಳಿದರು, ಅಲ್ಲಿಂದಾಚೆಗೆ ಕಂಡವರಿಗೆಲ್ಲ ಸರಿಯಾಗಿ ಮಾಡುತ್ತಾ ಓಡಾಡುತ್ತಾರೆ. ಲೋಕಕ್ಕೆ ಅವರು ಬೇಕು. ಮನೆಗೆ ಅವರಿಂದ ಸುಖವಿಲ್ಲ. ಕೂರುವುದಿಲ್ಲ, ಕೂತವರನ್ನು ಬಿಡುವುದಿಲ್ಲ, ಸಮಾಧಾನ ಹೇಳಿದರೆ ತಟ್ಟೆ ಸರಿಸಿ ಏಳುತ್ತಾರೆ. ಹಾಗಾಗಿ ಸಮಾಧಾನ ಹೇಳುವುದನ್ನು ನಾನು ಬಿಟ್ಟಿದ್ದೇನೆ. ಅಂಥವರು ಕೆಲಸ ಮುಗಿಸಿ ಹೊಸಿಲಿಗೆ ಬಂದಾಗ ಒಂದು ಲೋಟ ನೀರು ಬಗ್ಗಿಸಿ ಕೈಗೆ ಕೊಡಬೇಕು, ಕುಡಿದು ಮುಗಿಸುವ ತನಕ ಎದುರಿಗೆ ನಿಂತಿರಬೇಕು.